ಪಂಜರದಲ್ಲಿ ಚೆಲ್ಲಿದ ಚರಗ

ಆಕೆಯ ಹೆಬ್ಬೆರಳಿನ ಉಗುರುಗಳು ಹಸಿರಾಗಿದ್ದವು. ತೊಳೆದರೆ ಹೋಗುವ ಹಸಿರಲ್ಲ, ವರ್ಷಾನುಗಟ್ಟಲೆ ಸೊಪ್ಪು ಚಿವುಟಿ ಚಿವುಟಿ ಉಗುರಿನೊಳಗೇ ಇಳಿದದ್ದು. ಸುತ್ತಲ ಚರ್ಮ ಬಿರಿದು, ಆ ಬಿರುಕುಗಳಲ್ಲಿ ಎರೆಮಣ್ಣು ಕಪ್ಪಗೆ ಕೂತಿರುತ್ತಿತ್ತು. ಅಷ್ಟು ಒರಟು ಕೈ, ಆದರೆ ನಮ್ಮ ಕಟ್ಟೆಯ ಮೇಲೆ ಸೊಪ್ಪಿನ ಸಿವುಡು ಇಡುವಾಗ ಎಲೆಗೆ ಎಲ್ಲಿ ನೋವಾದೀತೋ ಎನ್ನುವ ಹಾಗೆ ಇಡುತ್ತಿತ್ತು.

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಹಕ್ಕಿಯ ಬಟ್ಟಲಿನಿಂದ ನವಣೆಯ ಹೊಟ್ಟು ಊದುತ್ತಿದ್ದೆ. ಒಳಗೆ ಒಲೆಯ ಮೇಲೆ ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟಿದ್ದೆ. ಅದು ಕುದಿ ಬರುವಷ್ಟರಲ್ಲಿ ಈ ಕೆಲಸ ಮುಗಿಸೋಣ ಎಂದು ಕಟ್ಟೆಗೆ ಬಂದು ಕೂತಿದ್ದೆ. ತಲೆಯ ಮೇಲೆ ಬುಟ್ಟಿ ಹೊತ್ತ ಹರೆಯದ ಹೆಂಗಸೊಬ್ಬಳು ಮುಂದೆ ಬಂದು ನಿಂತಳು. ಆಕೆಯ ಪರಿಚಯವಿರಲಿಲ್ಲ. ಬುಟ್ಟಿಯದು ಇತ್ತು. ಅದರ ಹರಿದ ಅಂಚಿಗೆ ಕೆಂಪು ಅರಿವೆ ಸುತ್ತಿ ಹೊಲಿದಿತ್ತು.

"ಹಕ್ಕಿ ಮನಿ ಇದೇ ಏನ್ರಿ?" ಎಂದಳು.

"ಹೌದವಾ. ಯಾರು ನೀ?"

"ನಾ ಪಲ್ಲೆದ ಚಾಚಿ ಸೊಸಿರಿ. ಅತ್ತಿ ಹ್ವಾದ ಶುಕ್ರವಾರ ತೀರಿಕೊಂಡ್ರು. ಹಕ್ಕಿ ಮನಿಗಿ ಒಂದು ಸಿವುಡು ಮುಟ್ಟಿಸಿ ಬಾ ಅಂತ ಹೇಳಿದ್ರು, ಅದಕ್ಕ ಬಂದೀನಿ."

ಬಟ್ಟಲು ಓರೆಯಾಗಿ ಹೊಟ್ಟೆಲ್ಲ ನನ್ನ ಸೀರೆಯ ಮೇಲೆ ಬಿತ್ತು.

ಸೊಪ್ಪು ಮಾರಲು ಬರುತ್ತಿದ್ದ ಆಕೆಯನ್ನು ನಮ್ಮ ಓಣಿಯವರೆಲ್ಲ ಪಲ್ಲೆದ ಚಾಚಿ ಎನ್ನುತ್ತಿದ್ದೆವು. ಮನೆ ರೈಲು ಹಳಿಯ ಆಚೆ ಇಬ್ರಾಹಿಂಪುರದಲ್ಲಿ. ತವರು ಬಬಲೇಶ್ವರದ ಕಡೆಯ ಮಮದಾಪುರ. "ನಮ್ಮೂರ ಕೆರಿ ನೋಡೀರೇನು, ಸಮುದ್ರ ಐತಿ ಸಮುದ್ರ" ಎಂದು ಹೆಮ್ಮೆ ಕೊಚ್ಚಿಕೊಳ್ಳುವಳು. ಸಮುದ್ರವನ್ನು ಆಕೆಯೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ, ಹಾಗಾಗಿ ಯಾರೂ ಎದುರಾಡುತ್ತಿರಲಿಲ್ಲ. ಮುಂಜಾನೆ ಎಂಟರ ಹೊತ್ತಿಗೆ ಓಣಿಯ ಬಾಯಲ್ಲಿ ಆಕೆಯ ದನಿ ಏಳುತ್ತಿತ್ತು: "ಮೆಂತ್ಯಾ... ರಾಜಗಿರೀ... ಹಕ್ಕರಕೀ..." ಕೊನೆಯದನ್ನು ಎಳೆದು ಎಳೆದು ಹೇಳುವಳು. ಹಕ್ಕರಕಿ ಎಂದರೆ ಚಳಿಗಾಲದಲ್ಲಿ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು; ಬಿತ್ತಿ ಬೆಳೆಯುವವರಿಲ್ಲ. ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುತ್ತೇವೆ. ಅದನ್ನು ಆಕೆ ತಾನೇ ಬಗ್ಗಿ ಒಂದೊಂದೇ ಆಯ್ದು ತರುತ್ತಿದ್ದಳು.

ಆಕೆಗೆ ನೀರು ಕೊಡಲು ನಮ್ಮ ಕಟ್ಟೆಯ ಗೂಡಿನಲ್ಲಿ ಬೇರೆ ಚಂಬು ಇತ್ತು. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ. ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಹಕ್ಕಿಗಳು ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ನಡುವೆ, ತುರ್ತು ಪರಿಸ್ಥಿತಿ ಬರುವುದಕ್ಕೆ ಸ್ವಲ್ಪ ಮುಂಚೆ. ನಮ್ಮ ಮನೆಯವರ ಕಚೇರಿಯ ಸಾಹೇಬರಿಗೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅವರ ಮಡದಿ ಒಂದು ಪಂಜರ ಇವರ ಕೈಗೆ ಕೊಟ್ಟರಂತೆ. ಒಳಗೆ ಗುಬ್ಬಿಗಿಂತ ತುಸು ದೊಡ್ಡ ಎರಡು ಗಿಣಿ, ಒಂದು ಹಸಿರು, ಒಂದು ನೀಲಿ. ಲವ್ ಬರ್ಡ್ ಎಂದು ಇವರು ಕಲಿತು ಬಂದಿದ್ದರು. ನಮ್ಮ ನಾಲ್ಕು ವರ್ಷದ ಮಗಳು ಆ ದಿನ ಊಟ ಮಾಡಲಿಲ್ಲ, ಪಂಜರಕ್ಕೆ ಮೂಗು ಹಚ್ಚಿ ಕೂತುಬಿಟ್ಟಳು. ನವಣೆ ಹಾಕಿ, ನೀರಿಡಿ ಎಂದಷ್ಟೇ ಸಾಹೇಬರ ಮನೆಯವರು ಹೇಳಿ ಕಳಿಸಿದ್ದರು.

ನಾನು ನವಣೆ ಹಾಕಿದೆ. ತವರು ಕಳ್ಳಕವಟಗಿಯಿಂದ ಅವ್ವ ಕಳಿಸಿದ ಕುಸುಬಿ ಕಾಳು ಹಾಕಿದೆ, ಶೇಂಗಾ ಜಜ್ಜಿ ಹಾಕಿದೆ. ಸೋಮವಾರ ದೇವರಿಗೆ ಎಡೆ ಹಿಡಿದ ಮೇಲೆ ಸಜ್ಜಕವೋ ಹೂರಣವೋ, ತುಪ್ಪದಲ್ಲಿ ಅದ್ದಿ ಒಂದು ತುತ್ತು ಪಂಜರಕ್ಕೆ ಹಾಕುವುದನ್ನು ರೂಢಿ ಮಾಡಿಕೊಂಡೆ. ಶಿವ ಕೊಟ್ಟ ಜೀವ, ಶಿವನ ಪ್ರಸಾದ ತಿನ್ನಲಿ ಎಂದು. ನೀಲಿ ಹಕ್ಕಿ ಹೊಟ್ಟೆಬಾಕ, ಎಲ್ಲವನ್ನೂ ತಿನ್ನುವುದು. ಕೆಲವೇ ತಿಂಗಳಲ್ಲಿ ಉಂಡೆಯ ಹಾಗಾಯಿತು. ನನಗೋ, ಮನೆಗೆ ಬಂದ ಬಾಣಂತಿಯನ್ನು ದಪ್ಪ ಮಾಡಿ ಕಳಿಸಿದಷ್ಟು ಸಂತೋಷ.

ಚಾಚಿ ಪಂಜರವನ್ನು ಮೊದಲ ಸಲ ನೋಡಿದ ದಿನ ಬುಟ್ಟಿ ಇಳಿಸಿದವಳೇ ಕಾಳಿನ ಬಟ್ಟಲಿನೊಳಗೆ ಬಗ್ಗಿ ನೋಡಿದಳು.

"ಇವಕ್ಕ ಕಾಳು ಹಾಕಿ ಎಷ್ಟು ದಿನ ಆತು?"

"ನಿನ್ನೆ ತುಂಬ ಹಾಕೀನಲ್ಲ ಚಾಚಿ. ನೋಡಲ್ಲಿ, ತುಂಬೇ ಐತಿ."

ಚಾಚಿ ಬಟ್ಟಲು ಹೊರಗೆ ತೆಗೆದು ಒಮ್ಮೆ ಫೂ ಎಂದು ಊದಿದಳು. ಹೊಟ್ಟೆಲ್ಲ ಹಾರಿಹೋಗಿ ತಳದಲ್ಲಿ ನಾಲ್ಕು ಕಾಳು ಉಳಿದವು.

"ತುಂಬೇತಿ ಅಂತ ನೀ ಕುಂತಿ. ತಿಂದು ಬಿಟ್ಟ ಹೊಟ್ಟಿದು. ಮಕ್ಕಳು ಉಪಾಸ ಕುಂತಾವ, ಅವ್ವಗ ಖಬರಿಲ್ಲ!"

ನನಗೆ ಮುಖ ಬಿಸಿಯಾಯಿತು. ಅದನ್ನು ನೋಡಿಯೇ ಇರಬೇಕು, ಚಾಚಿ ಮಾತು ತಿರುಗಿಸಿದಳು. "ಬರೇ ಕಾಳಿನ ಮ್ಯಾಲ ಜೀವ ನಡ್ಯಾಂಗಿಲ್ಲ ತಂಗಿ. ನಿನ್ನ ಗಂಡಗ ದಿನಾ ಬರೇ ರೊಟ್ಟಿ ನೀಡು ನೋಡೂಣು, ಪಲ್ಲೆ ಇಲ್ಲದ. ಮೂರನೇ ದಿನಕ್ಕ ಓಡಿ ಹೋಗ್ತಾನ. ಪಾಪ, ಇವಕ್ಕ ಓಡಿ ಹೋಗಾಕ ಬಾಗಲಾ ಇಲ್ಲ."

ಅಂದಿನಿಂದ ಹಕ್ಕಿಗಳಿಗೆ ತರಕಾರಿ ತಿನ್ನಿಸುವ ಪಾಠ ಶುರುವಾಯಿತು. ಮೊದಮೊದಲು ಅವು ಎಲೆಯನ್ನು ಕಂಡರೆ ಹೆದರಿ ಮೂಲೆಗೆ ಸರಿಯುತ್ತಿದ್ದವು. "ಗೊತ್ತಿಲ್ಲದ ಊಟ, ಅಂಜತಾವ" ಎಂದು ಚಾಚಿ ಕೊತ್ತಂಬರಿಯನ್ನು ನೀರಲ್ಲಿ ಅದ್ದಿ, ತಲೆಕೆಳಗಾಗಿ ಪಂಜರದ ಕಡ್ಡಿಗೆ ಕಟ್ಟಿದಳು. ಎಲೆಯ ತುದಿಯ ಹನಿ ಕುಡಿಯಲು ಹಸಿರು ಹಕ್ಕಿ ಬಂತು. ಹನಿಯ ಜೊತೆ ಎಲೆಯ ಚೂರೂ ಬಾಯಿಗೆ ಹೋಯಿತು. ನಾಲ್ಕು ದಿನದಲ್ಲಿ ಆ ಹಕ್ಕಿ ಚಾಚಿಯ ದನಿ ಕೇಳಿದರೆ ಕಡ್ಡಿಯ ಮೇಲೆ ಕುಣಿಯತೊಡಗಿತು. ಗಜ್ಜರಿಯನ್ನು ಸಣ್ಣಗೆ ಹೆರೆದು ನೆನೆಸಿದ ನವಣೆಯಲ್ಲಿ ಕಲಸಬೇಕು, ಸಂಜೆಗೆ ಬಾಡಿದ ಸೊಪ್ಪು ತೆಗೆದುಬಿಡಬೇಕು, ಕುಸುಬಿ ಹಬ್ಬಕ್ಕೊಮ್ಮೆ ಸಾಕು. ಎಲ್ಲ ಆಕೆ ಹೇಳಿದ್ದೇ. ಸಾಲಿಗೆ ಹೋದವಳಲ್ಲ. ತಂದೆ ಕೆರೆಯ ದಂಡೆಯಲ್ಲಿ ಕುರಿ ಕಾಯುವಾಗ ಗಿಣಿ, ಗುಬ್ಬಿ, ಗೊರವಂಕಗಳು ಏನು ತಿನ್ನುತ್ತವೆ ಎಂದು ಕೂತು ನೋಡಿದವಳು, ಅಷ್ಟೇ.

ಒಂದು ಸೋಮವಾರ ನಾನು ತುಪ್ಪದ ತುತ್ತನ್ನು ಪಂಜರಕ್ಕೆ ಹಾಕುವುದನ್ನು ಕಂಡು ಆಕೆ ಹಣೆ ಬಡಿದುಕೊಂಡಳು.

"ಏನದು ತಂಗಿ, ಹಕ್ಕಿಗಿ ತುಪ್ಪ?"

"ಹಂಗನಬ್ಯಾಡ ಚಾಚಿ. ದೇವರ ಎಡಿ ಅದು."

"ದೇವರು ಉಂಡು ಉಳಿದದ್ದು ನಮಗ ನಿಮಗ ಬೇ. ಹಕ್ಕಿಗಿ ದೇವರು ಬ್ಯಾರೇನ ಎಡಿ ಮಾಡಿ ಹೊಲದಾಗ ಇಟ್ಟಾನ."

ಮಾತು ಸರಿಯಾದದ್ದೇ. ಆದರೆ ನನ್ನ ದೇವರ ಎಡೆಯ ವಿಷಯ ನನಗೆ ಈಕೆ ಹೇಳಿಕೊಡುವುದೇ ಎಂದು ಒಳಗೆ ಚುರುಕ್ ಎಂದಿತು. ಮುಂದಿನ ಸೋಮವಾರವೂ ಹಾಕಿದೆ. ಆಕೆ ಹೋದ ಮೇಲೆ ಹಾಕಿದೆ, ಅಷ್ಟೇ ವ್ಯತ್ಯಾಸ.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಸೀಮೆಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟು ಒಟ್ಟಿಗೆ ಕಲಸಿ ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ಕಾಳು ಕಟ್ಟುವ ಹೊತ್ತಿನ ಭೂಮಿತಾಯಿ ಬಸುರಿ, ಆಕೆಯ ಬಯಕೆಯ ಊಟ ಅದು. ಪ್ರತಿ ವರ್ಷ ನಾವು ಕಳ್ಳಕವಟಗಿಗೆ ಹೋಗುತ್ತಿದ್ದೆವು. ಆ ವರ್ಷ ಇವರಿಗೆ ರಜೆ ಸಿಗಲಿಲ್ಲ. ನಾನು ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಸಜ್ಜೆ ಕಡಬು ಎಲ್ಲ ಮಾಡಿದೆ. ಚರಗ ಕಲಸಿ ಕೈಯಲ್ಲಿ ಹಿಡಿದು ನಿಂತೆ. ಚೆಲ್ಲಲು ಹೊಲವಿಲ್ಲ. ಮುಂದೆ ಓಣಿಯ ಗಟಾರ, ಹಿಂದೆ ಪಕ್ಕದ ಮನೆಯ ಗೋಡೆ. ಚರಗವನ್ನು ಕಡೆಗೆ ತಿನ್ನುವುದು ಹಕ್ಕಿಗಳೇ ಅಲ್ಲವೇ, ಹಕ್ಕಿ ಮನೆಯಲ್ಲೇ ಇದೆಯಲ್ಲ ಎಂಬ ಬುದ್ಧಿ ಹೊಳೆಯಿತು. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಮುಗಿದು, ಪಂಜರದ ಬಾಗಿಲು ತೆರೆದು ಒಂದು ಬೊಗಸೆ ಚರಗವನ್ನು ಒಳಗೆ ಚೆಲ್ಲಿದೆ.

ಅಂದು ಮುಂಜಾನೆಯಷ್ಟೇ ಚಾಚಿ ಹಕ್ಕರಕಿಯ ಸಿವುಡು ಕೊಟ್ಟು, "ಹಬ್ಬದ ಊಟ ನೀವು ಉಣ್ರಿ, ಅವಕ್ಕ ಇದನ್ನ ಕಟ್ಟು" ಎಂದು ಹೋಗಿದ್ದಳು. ಅದನ್ನೂ ಕಟ್ಟಿದ್ದೆ. ಹಸಿರು ಹಕ್ಕಿ ಹಕ್ಕರಕಿಗೆ ಜೋತುಬಿದ್ದಿತ್ತು. ನೀಲಿಯದು ಕೆಳಗಿಳಿದು ಚರಗಕ್ಕೆ ಬಾಯಿ ಹಾಕಿತು. ಮರುದಿನ ಅದು ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತು. ಅದರ ಮರುದಿನ ಬೆಳಿಗ್ಗೆ ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು.

ಮಗಳು ಓಣಿಯೆಲ್ಲ ಕೇಳುವಂತೆ ಅತ್ತಳು. ಎದುರು ಮನೆಯ ವೈನಿ ಬಂದರು, ಅವರ ಹಿಂದೆ ಇನ್ನೂ ಮೂರು ನಾಲ್ಕು ಮಂದಿ. ವೈನಿ ಪಂಜರದಲ್ಲಿ ಜೋತಾಡುತ್ತಿದ್ದ ಒಣ ಸೊಪ್ಪನ್ನು ನೋಡಿ, "ಈಗೀಗ ಪಲ್ಲೆಕ್ಕ ಎಂಥದೋ ಪುಡಿ ಹೊಡಿತಾರಂತ. ಹುಳಾ ಸಾಯೂ ಪುಡಿ. ಹಕ್ಕಿ ಎಷ್ಟರದು?" ಎಂದರು.

ಆ ಮಾತು ನನಗೆ ಹಿಡಿದುಕೊಳ್ಳಲು ಸಿಕ್ಕ ಹಗ್ಗದ ಹಾಗಾಯಿತು. ಅದೇ ಹೊತ್ತಿಗೆ ಓಣಿಯ ಬಾಯಲ್ಲಿ "ಹಕ್ಕರಕೀ..." ಎಂದಿತು. ಚಾಚಿ ಬಂದು ಬುಟ್ಟಿ ಇಳಿಸುವುದಕ್ಕೂ ಬಿಡದೆ ನಾನು ಬಾಯಿ ಬಿಟ್ಟೆ. "ಎಂಥಾ ಪಲ್ಲೆ ಕೊಟ್ಟಿ ಚಾಚಿ? ಪುಡಿ ಹೊಡದದ್ದು ಕೊಟ್ಟು ನನ್ನ ಹಕ್ಕಿ ಕೊಂದಿ. ನಾಳೆ ನನ್ನ ಮಗಳು ತಿಂದಿದ್ದರ? ಇನ್ನ ನಮ್ಮ ಕಟ್ಟಿ ಹತ್ತಬ್ಯಾಡ."

ಮಗಳು ಅಳು ನಿಲ್ಲಿಸಿ, "ಅವ್ವಾ, ಮೊನ್ನೆ ನೀ ಹೋಳಗಿ ಹಾಕಿದ್ದೆಲ್ಲ..." ಎಂದಳು. ನಾನು ಸೆರಗಿನ ಮರೆಯಲ್ಲಿ ಅವಳ ತೋಳನ್ನು ಚಿವುಟಿದೆ. ಅವಳು ಬಾಯಿ ಮುಚ್ಚಿದಳು.

ಚಾಚಿ ಸತ್ತ ಹಕ್ಕಿಯನ್ನು ಅಂಗೈಗೆ ತೆಗೆದುಕೊಂಡಳು. ಆ ಹಸಿರು ಉಗುರಿನ ಹೆಬ್ಬೆರಳಿಂದ ಅದರ ಗಂಟಲನ್ನು ಸವರಿದಳು. ಒಂದು ಕಡೆ ಬೆರಳು ನಿಂತಿತು. ನನ್ನನ್ನು ನೋಡಿದಳು. ತೋಳು ತಿಕ್ಕಿಕೊಳ್ಳುತ್ತಿದ್ದ ನನ್ನ ಮಗಳನ್ನು ನೋಡಿದಳು. ಹಕ್ಕಿಯನ್ನು ಮೆಲ್ಲಗೆ ಕಟ್ಟೆಯ ಮೇಲೆ ಮಲಗಿಸಿ, ಬುಟ್ಟಿಯಿಂದ ಒಂದು ಹಿಡಿ ಹಕ್ಕರಕಿ ತೆಗೆದು, ತೊಳೆಯದೆ, ಮಣ್ಣು ಸಹಿತ ಬಾಯಿಗೆ ಹಾಕಿಕೊಂಡಳು. ಉಳಿದ ನಾಲ್ಕು ಹಲ್ಲಿನಲ್ಲಿ ಎಲ್ಲರ ಮುಂದೆ ಅಗಿದು ಅಗಿದು ನುಂಗಿದಳು.

"ಪುಡಿ ಇದ್ದರ ನಾನೂ ಸಾಯ್ತೀನಿ. ನಾಳಿ ಬರ್ತೀನಿ, ನೋಡ್ರಿ" ಎಂದು ಬುಟ್ಟಿ ಹೊತ್ತು ಹೋದಳು.

ಸಂಜೆ ಇವರು ದಾಸವಾಳದ ಗಿಡದ ಬುಡದಲ್ಲಿ ಹಕ್ಕಿಯನ್ನು ಹೂಳಲು ಕೈಗೆತ್ತಿಕೊಂಡವರು, "ಇಲ್ಲಿ ಮುಟ್ಟಿ ನೋಡು. ಕೊಳ್ಳಾಗ ಹಿಟ್ಟಿನ ಗುಂಡ ಕಲ್ಲಾಗಿ ಕುಂತೈತಿ. ಏನ ತಿನಿಸಿದ್ದಿ ಇದಕ್ಕ?" ಎಂದರು. ನಾನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ.

"ಚಾಚಿಗಿ ಸುಳ್ಳ ಅಪವಾದ ಹಾಕಿದಿ. ನಾಳಿ ಓಣ್ಯಾಗ ಹೇಳಿಬಿಡು" ಎಂದರು. ಹೂಂ ಎಂದೆ.

ಮರುದಿನ ಚಾಚಿ ಹೇಳಿದಂತೆ ಬಂದಳು, ಜೀವಂತವಾಗಿ, ಎಂದಿನ ದನಿಯಲ್ಲಿ ಕೂಗುತ್ತ. ಒಂದು ಬಾಗಿಲೂ ತೆರೆಯಲಿಲ್ಲ. ನಾನು ಒಳಗೆ ಬಾಗಿಲ ಹಿಂದೆ ಅಗುಳಿಯ ಮೇಲೆ ಕೈ ಇಟ್ಟು ನಿಂತಿದ್ದೆ. ತೆರೆದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಡೆಯ ಹೆಸರಿನಲ್ಲಿ ಹಕ್ಕಿ ಕೊಂದವಳು ಎಂದು ವೈನಿ ಆಡಿಕೊಳ್ಳುತ್ತಾರೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಎಂಟು ದಿನ ಆಕೆ ಬಂದಳು. ಓಣಿಯ ಆ ತುದಿಯಿಂದ ಈ ತುದಿಗೆ ಕೂಗಿ, ತುಂಬಿದ ಬುಟ್ಟಿಯನ್ನೇ ಹೊತ್ತು ಹಿಂದಿರುಗಿದಳು. ಒಂಬತ್ತನೆಯ ದಿನ ಬರಲಿಲ್ಲ. ನಮ್ಮ ಓಣಿಯ ಮಾತು ಪಕ್ಕದ ಎರಡು ಓಣಿಗಳಿಗೂ ಹೋಗಿತ್ತು. ಆಕೆಯ ಮನೆಯ ಒಲೆ ಉರಿಯುತ್ತಿದ್ದದ್ದು ಈ ಮೂರು ಓಣಿಗಳ ಮೇಲೆ.

ಸಂಜೆ ದೀಪ ಹಚ್ಚುವಾಗ ಆ ದಿನದ ಉಪಕಾರಗಳನ್ನು ಬೆರಳ ಮೇಲೆ ಎಣಿಸುವುದನ್ನು ಅವ್ವ ನನಗೆ ಕಲಿಸಿದ್ದಳು. ನಳದಲ್ಲಿ ನೀರು ಬಂತು, ಒಂದು. ಮಗಳ ಕೆಮ್ಮು ನಿಂತಿತು, ಎರಡು. ಆ ದಿನಗಳಲ್ಲಿ ನಾನು ಎಣಿಸುವುದನ್ನೇ ಬಿಟ್ಟೆ. ಶಿವನ ಮುಂದೆ ಕೂತರೆ ಬಾಗಿಲ ಹಿಂದೆ ನಿಂತ ನನ್ನ ಕಾಲುಗಳೇ ಕಾಣುತ್ತಿದ್ದವು.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಕಸ ಹೊಡೆಯಲು ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಪುಂಡಿಯ ನಾರಿನಿಂದ ಕಟ್ಟಿದ ಒಂದು ಸಣ್ಣ ಸಿವುಡು. ಮುಷ್ಟಿಯಷ್ಟೇ. ಮನೆಮಂದಿಗೆ ಸಾಲದು, ಒಂದು ಹಕ್ಕಿಗೆ ಸಾಕು. ಅಂದಿನಿಂದ ವಾರಕ್ಕೊಮ್ಮೆ, ಎಂಟು ಹತ್ತು ದಿನಕ್ಕೊಮ್ಮೆ ಅದು ಅಲ್ಲಿರುತ್ತಿತ್ತು. ಒಮ್ಮೆ ಮಾತ್ರ ಆಕೆ ಇಡುವಾಗಲೇ ನಾನು ಬಾಗಿಲು ತೆರೆದೆ. ಇಬ್ಬರೂ ಬೆಚ್ಚಿದೆವು.

"ನಿನಗಲ್ಲ ಬೇ," ಎಂದಳು ಚಾಚಿ, ತಪ್ಪು ಮಾಡಿ ಸಿಕ್ಕವಳಂತೆ. "ಹಕ್ಕಿಗಿ. ಅದರದೇನು ತಪ್ಪೈತಿ?"

ಸಿವುಡನ್ನು ತೆಗೆದುಕೊಂಡು ಒಳಗೆ ಬಂದೆ. ಆ ಸೊಪ್ಪು ತಿಂದೇ ಹಸಿರು ಹಕ್ಕಿ ಬದುಕಿತು, ಗರಿ ಉದುರಿಸಿ ಹೊಸ ಗರಿ ತೊಟ್ಟಿತು. ಪಂಜರದಲ್ಲಿ ಅದರ ಸಂಭ್ರಮ ನೋಡುವುದೇ ನನಗೆ ಶಿಕ್ಷೆಯಾಗಿತ್ತು.

ಮರುವರ್ಷ ತವರಿಗೆ ಹೋಗುವಾಗ ತಿಕೋಟಾದಲ್ಲಿ ಬಸ್ಸು ನಿಂತಿತು. ಸಂತೆಯ ದಿನ. ಅಂಚಿನಲ್ಲಿ, ನೆರಳಿಲ್ಲದ ಕಡೆ, ಕೆಂಪು ಅರಿವೆಯ ಬುಟ್ಟಿಯ ಮುಂದೆ ಚಾಚಿ ಕೂತಿದ್ದಳು. ನಾನು ಮುಖ ತಿರುಗಿಸುವಷ್ಟರಲ್ಲಿ ಮಗಳು ಇಳಿದು ಓಡಿದಳು. ಹಿಂದೆ ನಾನೂ ಇಳಿಯಬೇಕಾಯಿತು.

"ಚಾಚಿ, ನೀ ಯಾಕ ನಮ್ಮ ಓಣಿಗಿ ಬರಂಗಿಲ್ಲ?" ಮಗಳು ಕೇಳಿಯೇಬಿಟ್ಟಳು.

ಚಾಚಿ ನನ್ನನ್ನು ನೋಡಲಿಲ್ಲ. ಮಗಳ ಗಲ್ಲ ಹಿಂಡಿ, "ಮುದುಕಿ ಆದೆ ಬೇಟಿ, ಬುಟ್ಟಿ ವಜ್ಜಿ ಆಗತೈತಿ. ಅಷ್ಟ ದೂರ ಹೊರಾಕ ಆಗವಲ್ದು" ಎಂದಳು. ಇಬ್ರಾಹಿಂಪುರದಿಂದ ನಮ್ಮ ಓಣಿಗೆ ನಡೆದೇ ಬರುವಷ್ಟು ದಾರಿ. ತಿಕೋಟಾಕ್ಕೆ ಬುಟ್ಟಿಯನ್ನು ಬಸ್ಸಿಗೆ ಏರಿಸಿ ಇಳಿಸಿ ಬರಬೇಕು. ಮಗಳ ಕೈಗೆ ಒಂದು ಗಜ್ಜರಿ ಕೊಟ್ಟಳು. "ಅರ್ಧ ನಿನಗ, ಅರ್ಧ ಹಕ್ಕಿಗಿ. ಸಣ್ಣಗ ಹೆರದು ಹಾಕು ಅಂತ ಅವ್ವಗ ಹೇಳು."

ಅವ್ವ ಎದುರಿಗೇ ನಿಂತಿದ್ದಳು. ತಪ್ಪಾಯಿತು ಚಾಚಿ ಎಂಬ ಮಾತು ನನ್ನ ಗಂಟಲಲ್ಲಿ, ಆ ಹಕ್ಕಿಯ ಗಂಟಲಿನ ಹಿಟ್ಟಿನಂತೆ, ಕೂತುಬಿಟ್ಟಿತು. "ಹಕ್ಕಿ ಆರಾಮ ಐತಿ ಚಾಚಿ" ಎಂದೆ. ಅಷ್ಟೇ ಹೊರಟದ್ದು. ಆಕೆಯ ಮುಖ ಅರಳಿತು. "ಹೌದಾ? ಅಷ್ಟಾದರ ಸಾಕು ತಗೋ" ಎಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹತ್ತಿದೆವು. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ. ಸಿವುಡು ಮಾತ್ರ ಬರುತ್ತಲೇ ಇತ್ತು, ಇನ್ನೂ ಎರಡು ವರ್ಷ.

ಈಗ ಸೊಸೆ ನನ್ನ ಮುಂದೆ ನಿಂತಿದ್ದಳು. ಸಿವುಡನ್ನು ಚಾಚುವಾಗ ಅವಳ ಹೆಬ್ಬೆರಳನ್ನು ನೋಡಿದೆ. ಉಗುರಿನ ಅಂಚು ಆಗಲೇ ಹಸಿರಿಗೆ ತಿರುಗತೊಡಗಿತ್ತು.

ಎದುರು ಮನೆಯ ಬಾಗಿಲಲ್ಲಿ ವೈನಿ ಅಕ್ಕಿ ಹಸನು ಮಾಡುತ್ತಿದ್ದವರು ಕತ್ತೆತ್ತಿ, "ಯಾರಕಿ? ಮತ್ತ ಆ ಪುಡಿ ಪಲ್ಲೆ ಬಂತೇನು?" ಎಂದರು.

ಈ ಸಲ ಹಿಂದೆ ಮರೆಯಾಗಲು ಬಾಗಿಲಿರಲಿಲ್ಲ, ನಾನು ಕಟ್ಟೆಯ ಮೇಲಿದ್ದೆ.

"ಪುಡಿ ಇರಲಿಲ್ಲ ವೈನಿ," ಎಂದೆ. ದನಿ ನನಗೇ ಗಟ್ಟಿಯಾಗಿ ಕೇಳಿಸಿತು. "ಚಾಚಿ ಪಲ್ಲೆ ಚೊಕ್ಕ ಇತ್ತು. ನಾನ ಪಂಜರದಾಗ ಚರಗ ಚೆಲ್ಲಿ, ಹೋಳಗಿ ತಿನಿಸಿ ಹಕ್ಕಿ ಕೊಂದೀನಿ. ಅವತ್ತ ಸಂಜೀಕನ ಗೊತ್ತಾಗಿತ್ತು. ಹೇಳಲಿಲ್ಲ."

ವೈನಿ ಮೊರ ಕೆಳಗಿಟ್ಟರು. ನಾನು ಅಷ್ಟು ವರ್ಷ ಹೆದರಿದ್ದ ನಗೆಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. "ಅಯ್ಯ, ಅದನ್ನ ಯಾರು ನೆನಪಿಟ್ಟಾರ!" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಏ ಹುಡಿಗಿ, ಮೆಂತ್ಯಾ ಎಳೀದೈತೇನು? ತೋರಸು" ಎಂದರು.

ಇಷ್ಟೇ ಇತ್ತು. ಒಂದು ಮಾತಿನ ಕೆಲಸ. ಆ ಮಾತಿಗಾಗಿ ಒಬ್ಬ ಮುದುಕಿ ಬಿಸಿಲಲ್ಲಿ ತಿಕೋಟಾ ಸಂತೆಯಲ್ಲಿ ಕೂತಳು.

ಸೊಸೆ ಹೊರಡುವ ಮುಂಚೆ ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ಅತ್ತಿಗಿ ಅವತ್ತ ಗೊತ್ತಾಗಿತ್ತ್ರಿ. ಹಕ್ಕಿ ಗಂಟಲಾಗ ಹಿಟ್ಟ ಕೈಗಿ ಹತ್ತಿತ್ತಂತ."

"ಮತ್ತ ಯಾಕ ಹೇಳಲಿಲ್ಲ?"

"ನಾನೂ ಕೇಳಿದ್ನಿರಿ. ಮಗಳ ಮುಂದ ತಾಯಿನ್ನ ಸಣ್ಣಾಕಿ ಮಾಡಬಾರದು, ಅದಕ್ಕ ಪಲ್ಲೆ ತಿಂದು ತೋರಿಸಿ ಬಂದೆ ಅಂದ್ರು."

ಅವಳು ವೈನಿಯ ಕಟ್ಟೆಗೆ ಹೋಗಿ ಬುಟ್ಟಿ ಇಳಿಸಿದಳು. ನಾನು ಸೀರೆಯ ಮೇಲೆ ಬಿದ್ದ ಹೊಟ್ಟನ್ನು ಕೊಡವಿದೆ. ಬಟ್ಟಲನ್ನು ಇನ್ನೊಮ್ಮೆ ಊದಿ, ತಳದಲ್ಲಿ ಉಳಿದದ್ದನ್ನು ನೋಡಿ, ಹೊಸ ನವಣೆ ಹಾಕಿದೆ. ಸಿವುಡಿನ ನಾರು ಬಿಚ್ಚಿ, ಹಕ್ಕರಕಿಯನ್ನು ನೀರಲ್ಲಿ ಅದ್ದಿ, ತಲೆಕೆಳಗಾಗಿ ಕಡ್ಡಿಗೆ ಕಟ್ಟಿದೆ. ಹಸಿರು ಹಕ್ಕಿ ಬಂದು ಮೊದಲು ಹನಿ ಕುಡಿಯಿತು.

ಒಳಗೆ ಎಸರು ಕುದಿದು ಕುದಿದು ಅರ್ಧಕ್ಕಿಳಿದಿತ್ತು. ಇನ್ನೊಂದು ಚಂಬು ನೀರು ಹೊಯ್ದು, ಜೋಳದ ಹಿಟ್ಟು ಸಾಣಿಸಲು ಕುಳಿತೆ.